ಪಾತ್ರಕ್ಕೆ ಮುಖ ಹುಡುಕುವ ಕೆಲಸ: ಮುಂಬಯಿಯಲ್ಲಿ ಸ್ವತಂತ್ರ ಕಾಸ್ಟಿಂಗ್ ಡೈರೆಕ್ಟರ್

ಅಂಧೇರಿ ಪಶ್ಚಿಮದ ವರ್ಸೋವಾ ಕಡೆ ಆರಾಮ್ ನಗರ ಅಂತ ಒಂದು ಜಾಗ. ತಗ್ಗು ಮಾಡಿನ ಹಳೆಯ ಮನೆಗಳು, ಕಿರಿದಾದ ಗಲ್ಲಿಗಳು. ಆ ಮನೆಗಳಲ್ಲಿ ಹಲವು ಈಗ ಆಡಿಷನ್ ಸ್ಟುಡಿಯೋಗಳಾಗಿವೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಬೆನ್ನಿಗೆ ಚೀಲ, ಚೀಲದಲ್ಲಿ ಇಸ್ತ್ರಿ ಮಾಡಿದ ಇನ್ನೊಂದು ಅಂಗಿ ಹಾಕಿಕೊಂಡು ಬಾಗಿಲಿಂದ ಬಾಗಿಲಿಗೆ ನಡೆಯುವ ಹುಡುಗ ಹುಡುಗಿಯರು ಸಿಗುತ್ತಾರೆ. ಇಣುಕಿ ನೋಡಿ "ಆಡಿಷನ್ ಇದೆಯಾ?" ಎನ್ನುತ್ತಾರೆ. ಒಳಗಿರುವವರು ಒಮ್ಮೆ ಮುಖ ನೋಡಿ "ನಾಟ್ ಫಿಟ್" ಎನ್ನುತ್ತಾರೆ. ಹೊರಗಿನವರಿಗೆ ಕಾಸ್ಟಿಂಗ್ ಅಂದರೆ ಈ ದೃಶ್ಯವೇ. ಆದರೆ ಬಾಗಿಲಲ್ಲಿ ನಿಂತು ಆ ಮಾತು ಹೇಳುವವರು ಬಹುಪಾಲು ಸಹಾಯಕರು. ಕಾಸ್ಟಿಂಗ್ ಡೈರೆಕ್ಟರ್ ಮಾಡುವ ಕೆಲಸದ ಹೆಚ್ಚಿನ ಭಾಗ ಆ ಬಾಗಿಲು ತೆರೆಯುವ ಮೊದಲೇ ಆಗಿರುತ್ತದೆ, ಉಳಿದದ್ದು ಬಾಗಿಲು ಮುಚ್ಚಿದ ಮೇಲೆ.

ನಮ್ಮ ಕಂಪನಿ ನಾಟಕಗಳಲ್ಲಿ ಪಾತ್ರ ಹಂಚಿಕೆ ಮಾಲೀಕರ ಕೈಯಲ್ಲಿತ್ತು. ಯಕ್ಷಗಾನದ ಮೇಳದಲ್ಲಿ ಯಾರಿಗೆ ಯಾವ ವೇಷ ಎಂಬುದು ಭಾಗವತರಿಗೂ ಯಜಮಾನರಿಗೂ ಬಿಟ್ಟ ವಿಷಯ. ಅಲ್ಲಿ ತಂಡ ಕಾಯಂ, ಕಲಾವಿದರೆಲ್ಲ ಕಣ್ಣೆದುರಿಗೇ ಇರುತ್ತಾರೆ, ಹಂಚುವುದಷ್ಟೇ ಕೆಲಸ. ಸಿನಿಮಾಕ್ಕಾಗಲಿ ಜಾಹೀರಾತಿಗಾಗಲಿ ಅಂಥ ತಂಡವೇ ಇಲ್ಲ. ಪ್ರತಿ ಸಲವೂ ಮೇಳವನ್ನು ಹೊಸದಾಗಿ ಕಟ್ಟಬೇಕು, ಅದೂ ಬೇರೆಯವರ ಕಥೆಗೆ, ಬೇರೆಯವರ ಹಣದಲ್ಲಿ, ಬೇರೆಯವರು ಕೊಟ್ಟ ತಾರೀಖಿನೊಳಗೆ. ಹಿಂದಿ ಸಿನಿಮಾದಲ್ಲಿ ಬಹಳ ಕಾಲ ಈ ಕೆಲಸವನ್ನು ಸಹಾಯಕ ನಿರ್ದೇಶಕರು ಗುರುತಿನವರಿಗೆ ಫೋನ್ ಮಾಡಿ ಮುಗಿಸುತ್ತಿದ್ದರು. 1994ರ 'ಬ್ಯಾಂಡಿಟ್ ಕ್ವೀನ್' ಚಿತ್ರಕ್ಕೆ ತಿಗ್ಮಾಂಶು ಧೂಲಿಯಾ ಪಾತ್ರವರ್ಗ ಹುಡುಕಿದ್ದನ್ನು ಇಲ್ಲಿನವರು ಈಗಲೂ ನೆನೆಯುತ್ತಾರೆ. ಆಮೇಲೆ ನಿಧಾನವಾಗಿ ಇದೊಂದು ಬೇರೆಯೇ ವೃತ್ತಿಯಾಯಿತು. ಆಸ್ಕರ್ ಅಕಾಡೆಮಿ ಕೂಡ ಕಾಸ್ಟಿಂಗ್‌ಗೆ ಪ್ರತ್ಯೇಕ ಪ್ರಶಸ್ತಿ ಕೊಡುವುದಾಗಿ ಹೇಳಿದ್ದು 2024ರಲ್ಲಿ, 2025ರಲ್ಲಿ ಬಿಡುಗಡೆಯಾದ ಚಿತ್ರಗಳಿಂದ ಆರಂಭಿಸಿ.

ಯಾರ ಹಣ, ಯಾರ ಕೆಲಸ

ಮುಂಬಯಿಯಲ್ಲಿ ಈ ಕೆಲಸಕ್ಕೆ ಹೊಸಬರಾಗಿ ಬಂದವರು ಮೂರು ಜನರನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಕಾಸ್ಟಿಂಗ್ ಡೈರೆಕ್ಟರ್ ನಿರ್ಮಾಪಕರಿಂದ ಸಂಭಾವನೆ ಪಡೆದು ನಿರ್ದೇಶಕರಿಗಾಗಿ ಕೆಲಸ ಮಾಡುವವರು. ಕೋಆರ್ಡಿನೇಟರ್ ಕಲಾವಿದರ ಪರವಾಗಿ ಕೆಲಸ ತಂದುಕೊಟ್ಟು, ಅವರ ಸಂಭಾವನೆಯಲ್ಲಿ ಕಮಿಷನ್ ಹಿಡಿಯುವವರು. ಜೂನಿಯರ್ ಆರ್ಟಿಸ್ಟ್ ಸಪ್ಲೈಯರ್ ಗುಂಪಿನ ದೃಶ್ಯಗಳಿಗೆ ಜನ ಕಳಿಸುವವರು. ಮದುವೆ ಮನೆಯ ಇನ್ನೂರು ಅತಿಥಿಗಳನ್ನು ಹೊಂದಿಸುವುದು ಕಾಸ್ಟಿಂಗ್ ಡೈರೆಕ್ಟರ್ ಕೆಲಸವಲ್ಲ. ಆ ಇನ್ನೂರರಲ್ಲಿ ಎದ್ದು ನಿಂತು ಒಂದು ಮಾತು ಆಡುವ ಸೋದರಮಾವನನ್ನು ಹುಡುಕುವುದು ಅವರ ಕೆಲಸ.

ಇಲ್ಲಿ ಒಂದೇ ಒಂದು ಗೆರೆಯಿದೆ, ಅದನ್ನು ದಾಟಿದರೆ ವೃತ್ತಿ ಹೋಗಿ ದಲ್ಲಾಳಿತನ ಉಳಿಯುತ್ತದೆ: ನಿರ್ಮಾಪಕರಿಂದ ಹಣ ಪಡೆದವರು ಕಲಾವಿದರಿಂದ ಒಂದು ರೂಪಾಯಿಯನ್ನೂ ಪಡೆಯಬಾರದು. ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೋ ಶುಲ್ಕ, "ವರ್ಕ್‌ಶಾಪ್ ಕಡ್ಡಾಯ" ಎಂಬ ನೆಪ, ಲಾಕ್ ಆದ (ಪಾತ್ರಕ್ಕೆ ಆಯ್ಕೆ ಖಚಿತವಾದ) ಮೇಲೆ ಪಾಲು, ಯಾವುದೂ ಸಲ್ಲದು. ನೀತಿಯ ಮಾತು ಒತ್ತಟ್ಟಿಗಿರಲಿ, ಕೆಲಸದ ದೃಷ್ಟಿಯಿಂದಲೂ ಇದು ಸರಿ. ಕಮಿಷನ್ ಕೊಡುವವರು ಮತ್ತು ಕೊಡದವರು ಒಂದೇ ಪಟ್ಟಿಯಲ್ಲಿದ್ದರೆ ನಿಮ್ಮ ಕಣ್ಣು ತಾನಾಗಿಯೇ ವಾಲುತ್ತದೆ. ನಿರ್ಮಾಪಕರು ನಿಮಗೆ ಹಣ ಕೊಡುತ್ತಿರುವುದು ವಾಲದ ಕಣ್ಣಿಗಾಗಿ. ಸ್ವತಂತ್ರವಾಗಿ ಕೆಲಸ ಮಾಡುವವರ ಬೆನ್ನಿಗೆ ದೊಡ್ಡ ಸಂಸ್ಥೆಯ ಹೆಸರಿರುವುದಿಲ್ಲ, ಅವರಿಗಿರುವ ಬಂಡವಾಳ ಈ ನಂಬಿಕೆ ಮಾತ್ರ.

ಜಾಹೀರಾತು: ಹತ್ತು ದಿನದ ಓಟ

ಮೂವತ್ತು ಸೆಕೆಂಡಿನ ಜಾಹೀರಾತಿಗೆ ಪಾತ್ರಧಾರಿಗಳನ್ನು ಹುಡುಕಲು ಸಿಗುವುದು ಒಂದು ವಾರದಿಂದ ಹತ್ತು ದಿನ. ಸ್ಕ್ರಿಪ್ಟ್ ಬರೆಯುವುದು ಏಜೆನ್ಸಿ, ಚಿತ್ರೀಕರಿಸುವುದು ಪ್ರೊಡಕ್ಷನ್ ಹೌಸ್, ಹಣ ಹಾಕುವುದು ಬ್ರ್ಯಾಂಡ್. ಮೂವರಿಗೂ ಪಾತ್ರದ ಬಗ್ಗೆ ಒಂದೊಂದು ಕಲ್ಪನೆ ಇರುತ್ತದೆ. ಆ ಮೂರೂ ಒಂದೇ ಆಗಿರುವುದು ಅಪರೂಪ.

ಹಾಗಾಗಿ ಮೊದಲ ಕೆಲಸ ಬ್ರೀಫ್ ಅನ್ನು, ಅಂದರೆ ಎಂಥವರು ಬೇಕು ಎಂದು ಬರುವ ಟಿಪ್ಪಣಿಯನ್ನು, ಬಿಡಿಸಿಕೊಳ್ಳುವುದು. "ಮೂವತ್ತೈದರ ತಾಯಿ, ಫ್ರೆಶ್ ಮುಖ, ಆದರೆ ನಟನೆ ಚೆನ್ನಾಗಿ ಬರಬೇಕು" ಎಂಬ ಸಾಲಿನ ಜತೆಗೆ ಯಾವುದೋ ತಾರೆಯ ಫೋಟೋ ಬಂದಿರುತ್ತದೆ. ಆ ಫೋಟೋದಲ್ಲಿ ಅವರಿಗೆ ಹಿಡಿಸಿದ್ದು ಏನು ಎಂದು ಕೇಳಿ: ವಯಸ್ಸೇ, ನಗುವೇ, ಅಡುಗೆಮನೆಯಲ್ಲಿ ನಿಂತ ಸಹಜತೆಯೇ? ಉತ್ತರದಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಇದರ ಜತೆಗೆ ಶೂಟಿಂಗ್ ತಾರೀಖು, ಎಷ್ಟು ದಿನ, ಎಷ್ಟು ಗಂಟೆಯ ಪಾಳಿ, ಪ್ರತಿ ಪಾತ್ರಕ್ಕೆ ಬಜೆಟ್, ಜಾಹೀರಾತು ಎಲ್ಲೆಲ್ಲಿ ಎಷ್ಟು ಕಾಲ ಓಡುತ್ತದೆ, ಪಾತ್ರ ಏನಾದರೂ ತಿನ್ನಬೇಕೇ, ಈಜಬೇಕೇ, ಬೈಕ್ ಓಡಿಸಬೇಕೇ, ಇವನ್ನು ಬರಹದಲ್ಲಿ ಪಡೆಯಬೇಕು. ಬರಹದಲ್ಲಿಲ್ಲದ ಬ್ರೀಫ್ ನಾಲ್ಕನೆಯ ದಿನ ಬದಲಾಗುತ್ತದೆ, ಬದಲಾದದ್ದು ನಿಮ್ಮ ತಪ್ಪಾಗುತ್ತದೆ.

ಒಂದು ಸಾಮಾನ್ಯ ಉದಾಹರಣೆ: ತಾಯಿ, ಅವಳ ಮಾವ, ಏಳು ವರ್ಷದ ಮಗ, ಕಿರಾಣಿ ಅಂಗಡಿಯವ. ತಾಯಿಗೆ 25 ಆಡಿಷನ್, ಮಾವನಿಗೆ 12, ಹುಡುಗನಿಗೆ 30, ಅಂಗಡಿಯವನಿಗೆ 8 ಅಂದರೂ ಒಟ್ಟು 75 ಆಯಿತು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಷ್ಟೂ ಮುಗಿಯಬೇಕು. ನಿರ್ದೇಶಕರಿಗೆ 75ನ್ನೂ ಕಳಿಸುವವರು ಕಾಸ್ಟಿಂಗ್ ಮಾಡಿದಂತಲ್ಲ, ವಿಡಿಯೋ ಸಾಗಿಸಿದಂತೆ. ಪ್ರತಿ ಪಾತ್ರಕ್ಕೆ ಐದರಿಂದ ಎಂಟು, ಅವುಗಳಲ್ಲಿ ಎರಡು ಬ್ರೀಫ್‌ಗೆ ಅಚ್ಚುಕಟ್ಟಾಗಿ ಹೊಂದುವವು, ಎರಡು ಸ್ವಲ್ಪ ಆಚೀಚೆ, ಒಂದು ಯಾರೂ ಕೇಳದೇ ಇದ್ದ ಬಗೆಯದು. ಕೊನೆಯ ಆ ಒಂದಕ್ಕಾಗಿಯೇ ನಿಮ್ಮನ್ನು ಮುಂದಿನ ಸಲ ಕರೆಯುತ್ತಾರೆ. ನಿರ್ದೇಶಕರು ಸೋಸಿದ ಮೇಲೆ ಕಾಲ್‌ಬ್ಯಾಕ್, ಅಂದರೆ ಎರಡನೆಯ ಸುತ್ತು, ಆಮೇಲೆ ಪಿಪಿಎಂ. ಚಿತ್ರೀಕರಣಕ್ಕೆ ಮುಂಚಿನ ಈ ಸಭೆಯಲ್ಲಿ ಬ್ರ್ಯಾಂಡ್‌ನವರು ಪ್ರತಿ ಪಾತ್ರಕ್ಕೂ ಒಂದು ಮೊದಲ ಆಯ್ಕೆಯನ್ನೂ ಎರಡು ಬ್ಯಾಕಪ್‌ಗಳನ್ನೂ ನೋಡುತ್ತಾರೆ. ಅಲ್ಲಿ ಒಪ್ಪಿಗೆಯಾದರೆ ಲಾಕ್.

ಒಂದು ಮನೆಯವರಂತೆ ಕಾಣಬೇಕಾದ ಪಾತ್ರಗಳನ್ನು ಬಿಡಿಬಿಡಿಯಾಗಿ ತೋರಿಸುವುದು ಮಾಮೂಲು ತಪ್ಪು. ತಾಯಿಯ ಮೊದಲ ಆಯ್ಕೆ, ಮಗನ ಮೊದಲ ಆಯ್ಕೆ ಎರಡೂ ಚೆನ್ನಾಗಿರುತ್ತವೆ. ಪಕ್ಕಪಕ್ಕ ಇಟ್ಟರೆ ಮಗ ಪಕ್ಕದ ಮನೆಯವನಂತೆ ಕಾಣುತ್ತಾನೆ. ಗಂಡ ಹೆಂಡತಿಯ ಎತ್ತರ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಸೆಟ್ಟಿನಲ್ಲಿ ಗೊತ್ತಾದಾಗ ಒಬ್ಬರ ಕಾಲಡಿಗೆ ಮರದ ಪೆಟ್ಟಿಗೆ ಇಡಬೇಕಾಗುತ್ತದೆ. ಪಿಪಿಎಂಗೆ ಹೋಗುವ ಮೊದಲೇ ಮುಖಗಳನ್ನು ಕುಟುಂಬವಾಗಿ ಜೋಡಿಸಿ ಎರಡು ಮೂರು ಸೆಟ್ ಮಾಡಿ. ಒಬ್ಬರು ಬಿದ್ದುಹೋದರೆ ಇಡೀ ಸೆಟ್ ಹೇಗೆ ಬದಲಾಗುತ್ತದೆ ಎಂಬುದೂ ನಿಮ್ಮ ತಲೆಯಲ್ಲಿರಲಿ.

ಇನ್ನು ಕಾನ್‌ಫ್ಲಿಕ್ಟ್. ಟೂತ್‌ಪೇಸ್ಟ್ ಜಾಹೀರಾತಿಗೆ ಲಾಕ್ ಆದವರು ಕಳೆದ ವರ್ಷ ಮತ್ತೊಂದು ಟೂತ್‌ಪೇಸ್ಟ್‌ಗೆ ನಕ್ಕಿದ್ದರೆ ಬ್ರ್ಯಾಂಡ್ ಒಪ್ಪುವುದಿಲ್ಲ. ಅದು ಈಗಲೂ ಎಲ್ಲೋ ಓಡುತ್ತಿದ್ದರಂತೂ ದೊಡ್ಡ ರಾದ್ಧಾಂತ. "ಈ ಬಗೆಯ ಉತ್ಪನ್ನಕ್ಕೆ ಕಳೆದ ಎರಡು ವರ್ಷದಲ್ಲಿ ಏನಾದರೂ ಮಾಡಿದ್ದೀರಾ" ಎಂಬ ಪ್ರಶ್ನೆಯನ್ನು ಆಡಿಷನ್ ದಿನವೇ ಕ್ಯಾಮೆರಾ ಮುಂದೆ ಕೇಳಿ, ಲಾಕ್ ಆಗುವಾಗ ಮೆಸೇಜಿನಲ್ಲಿ ಮತ್ತೊಮ್ಮೆ ಕೇಳಿ. ಹಣದ ಅಗತ್ಯ ಇರುವವರು ಒಮ್ಮೆ ಮರೆತಂತೆ ಇರಬಹುದು, ಎರಡನೆಯ ಸಲ ಬರಹದಲ್ಲಿ ಸುಳ್ಳು ಹೇಳುವವರು ಕಡಿಮೆ.

ಯೂಸೇಜ್, ಅಂದರೆ ಜಾಹೀರಾತನ್ನು ಎಲ್ಲೆಲ್ಲಿ ಎಷ್ಟು ಕಾಲ ಬಳಸಬಹುದು ಎಂಬುದರ ಬಗ್ಗೆ ಹೆಚ್ಚಿನ ಹೊಸ ಕಲಾವಿದರಿಗೆ ತಿಳಿದಿರುವುದಿಲ್ಲ, ತಿಳಿಸುವುದು ಕಾಸ್ಟಿಂಗ್‌ನವರ ಹೊಣೆ. ಒಂದು ದಿನದ ಶೂಟಿಂಗಿಗೆ ಕೊಡುವ ಮೊತ್ತ ಬರೀ ಆ ದಿನದ ಕೂಲಿಯಲ್ಲ, ಮುಖವನ್ನು ಬಳಸುವ ಬಾಡಿಗೆ. ಯಾವ ಮಾಧ್ಯಮ (ಟಿವಿ, ಡಿಜಿಟಲ್, ಪತ್ರಿಕೆ, ಹೋರ್ಡಿಂಗ್), ಯಾವ ಪ್ರದೇಶ, ಎಷ್ಟು ಕಾಲ ಎಂಬ ಮೂರೂ ಒಪ್ಪಂದದಲ್ಲಿ ಬೇಕು. "ಎಂದೆಂದಿಗೂ, ಎಲ್ಲ ಮಾಧ್ಯಮಗಳಲ್ಲಿ" ಎಂಬ ಸಾಲು ಕಂಡರೆ ಅದನ್ನು ನಿರ್ಮಾಪಕರ ಗಮನಕ್ಕೆ ತಂದು ಬದಲಿಸಲು ಕೇಳಿ, ಬದಲಾಗದಿದ್ದರೆ ಕಲಾವಿದರಿಗೆ ಸ್ಪಷ್ಟವಾಗಿ ಹೇಳಿ. ಅವಧಿ ಮುಗಿದ ಮೇಲೂ ಜಾಹೀರಾತು ಓಡುತ್ತಿದ್ದರೆ ಕಲಾವಿದರು ಮೊದಲು ಫೋನ್ ಮಾಡುವುದು ನಿಮಗೇ. ಆಗ ತೋರಿಸಲು ಕಾಗದ ಇರಬೇಕು.

ಸಿನಿಮಾ: ಸ್ಕ್ರಿಪ್ಟ್ ಓದುವುದರಿಂದ ಶುರು

ಜಾಹೀರಾತು ಕೈಗೆ ಬೇಗ ಕಾಸು ತರುತ್ತದೆ, ಸಿನಿಮಾ ಹೆಸರು ತರುತ್ತದೆ. ಸಿನಿಮಾದಲ್ಲಿ ತಿಂಗಳುಗಟ್ಟಲೆ ಕೆಲಸ, ಮೊದಲ ಹೆಜ್ಜೆ ಬ್ರೇಕ್‌ಡೌನ್, ಅಂದರೆ ಸ್ಕ್ರಿಪ್ಟ್ ಅನ್ನು ಪಾತ್ರ ಪಾತ್ರವಾಗಿ ಬಿಡಿಸುವುದು. ಸ್ಕ್ರಿಪ್ಟ್ ಅನ್ನು ಒಮ್ಮೆ ಕಥೆಯಾಗಿ ಓದಬೇಕು, ಪೆನ್ನು ಮುಟ್ಟಬಾರದು. ಎರಡನೆಯ ಸಲ ಪ್ರತಿ ಪಾತ್ರಕ್ಕೂ ಒಂದು ಸಾಲು: ಯಾವ ಯಾವ ದೃಶ್ಯ, ಮಾತಿದೆಯೋ ಇಲ್ಲವೋ, ಸುಮಾರು ಎಷ್ಟು ದಿನದ ಕೆಲಸ, ವಯಸ್ಸು, ಯಾವ ಊರಿನ ಭಾಷೆ, ಯಾರಿಗೆ ಏನಾಗಬೇಕು, ಕಥೆಯಲ್ಲಿ ವಯಸ್ಸು ಮುಂದೆ ಹೋಗುತ್ತದೆಯೇ, ದೇಹದಿಂದ ಏನು ಮಾಡಬೇಕು. ಮೂರನೆಯ ಓದು ಇನ್ನೊಂದು ಪ್ರಶ್ನೆಗೆ: ಈ ಪಾತ್ರವಿಲ್ಲದಿದ್ದರೆ ದೃಶ್ಯಕ್ಕೆ ಏನು ನಷ್ಟ? ಒಂದೇ ದೃಶ್ಯದಲ್ಲಿ ಬಂದು ಹೋಗುವ ಆಸ್ಪತ್ರೆಯ ಗುಮಾಸ್ತ ಇಡೀ ಚಿತ್ರ ತಿರುಗುವ ಮಾತು ಹೇಳುತ್ತಿರಬಹುದು. ಅಲ್ಲಿಗೆ ಯಾರೋ ಒಬ್ಬರನ್ನು ತಂದು ನಿಲ್ಲಿಸಿದರೆ ನಾಯಕನಟನ ಪ್ರತಿಕ್ರಿಯೆ ಕೂಡ ಸುಳ್ಳಾಗಿ ಕಾಣುತ್ತದೆ. ಕಾಸ್ಟಿಂಗ್ ಚೆನ್ನಾಗಿದೆ ಎಂದು ನೋಡುವವರಿಗೆ ಅನ್ನಿಸುವುದು ಬಹುಪಾಲು ಇಂಥ ಸಣ್ಣ ಪಾತ್ರಗಳಿಂದ.

ಲೆಕ್ಕ ಹಾಕಿ ನೋಡೋಣ. ಮಾತಿರುವ 45 ಪಾತ್ರ, ಅದರಲ್ಲಿ ಮೇಲಿನ 5 ನಿರ್ಮಾಪಕ ನಿರ್ದೇಶಕರು ಮೊದಲೇ ಮಾತಾಡಿಟ್ಟವು. ಉಳಿದ 40ಕ್ಕೆ ತಲಾ 12 ಆಡಿಷನ್ ಅಂದರೆ 480. ಒಂದಕ್ಕೆ 6 ನಿಮಿಷದ ವಿಡಿಯೋ ಎಂದರೆ 48 ಗಂಟೆಯ ಫುಟೇಜ್. ದಿನಕ್ಕೆ 30 ಜನರಂತೆ ಬರೀ ಚಿತ್ರೀಕರಣಕ್ಕೇ 16 ದಿನ. ಮೊಬೈಲಿನಲ್ಲಿ 1080 ಪಿ ಗುಣಮಟ್ಟದ ವಿಡಿಯೋ ನಿಮಿಷಕ್ಕೆ 60ರಿಂದ 130 ಎಂಬಿ ಹಿಡಿಯುತ್ತದೆ, ಅಂದರೆ ಒಟ್ಟು 170ರಿಂದ 375 ಜಿಬಿ. ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಪ್ರತಿ ಇರಲೇಬೇಕು. ದಿನಕ್ಕೆ 60 ಆಡಿಷನ್ ಮಾಡುತ್ತೇವೆ ಎಂದು ಹೇಳಿಕೊಳ್ಳುವವರಿದ್ದಾರೆ. ಮೂವತ್ತು ದಾಟಿದ ಮೇಲೆ ಕ್ಯೂ ಕೊಡುವವರ (ಎದುರು ಪಾತ್ರದ ಸಾಲು ಓದುವವರ) ದನಿ ಸತ್ತಿರುತ್ತದೆ, ನೋಡುವ ಕಣ್ಣು ಮಂಜಾಗಿರುತ್ತದೆ, ಸಂಜೆ ಬಂದವರಿಗೆ ಬೆಳಿಗ್ಗೆ ಬಂದವರಷ್ಟು ನ್ಯಾಯ ಸಿಗುವುದಿಲ್ಲ.

ಆಡಿಷನ್‌ಗೆ ಯಾವ ದೃಶ್ಯ ಕೊಡಬೇಕು ಎಂಬುದೂ ಒಂದು ವಿದ್ಯೆ. ಮೊದಲ ಸುತ್ತಿನಲ್ಲಿ ನಿಜವಾದ ದೃಶ್ಯ ಕೊಟ್ಟರೆ ಕಥೆ ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತುತ್ತದೆ. ಅದೇ ಭಾವದ, ಬೇರೆ ಸನ್ನಿವೇಶದ ಒಂದು ಪುಟ ಬರೆಸಿಕೊಳ್ಳಿ. ಪುಟದ ಒಳಗೆ ಒಂದು ತಿರುವು ಇರಬೇಕು, ಅಂದರೆ ಪಾತ್ರ ಒಂದು ಮನಸ್ಥಿತಿಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಬೇಕು. ಬರೀ ಅಳುವ, ಬರೀ ಕಿರುಚುವ ದೃಶ್ಯ ಕೊಟ್ಟರೆ ಗಂಟಲಿನ ಪರೀಕ್ಷೆಯಾಗುತ್ತದೆ, ನಟನೆಯದಲ್ಲ. ಮೊದಲ ಟೇಕ್ ಅವರಿಗೆ ತೋಚಿದಂತೆ ಮಾಡಲಿ. ಎರಡನೆಯದಕ್ಕೆ ಒಂದೇ ಒಂದು ಸೂಚನೆ ಕೊಡಿ: "ಇದನ್ನೇ ಅವನಿಗೆ ಕೇಳಿಸಬಾರದು ಎಂಬಂತೆ ಹೇಳಿ." ಸೂಚನೆ ಕೇಳಿ ಬದಲಾಗುತ್ತಾರೆಯೇ ಎಂಬುದನ್ನು ನಿರ್ದೇಶಕರು ಎರಡು ಟೇಕ್‌ಗಳ ನಡುವಿನ ಅಂತರದಲ್ಲೇ ಓದಿಕೊಳ್ಳುತ್ತಾರೆ.

ಸಿನಿಮಾದಲ್ಲಿ ಲಾಕ್ ಆದ ಮೇಲೆ ಬರುವ ತಲೆನೋವು ತಾರೀಖುಗಳದ್ದು. ಧಾರಾವಾಹಿಯಲ್ಲಿ ಕಾಯಂ ಇರುವ ನಟರು ತಿಂಗಳಿಗೆ ಇಂತಿಷ್ಟೇ ದಿನ ಬಿಡುವು ಕೊಡಬಲ್ಲರು. ನಾಲ್ಕು ಜನ ಒಟ್ಟಿಗೆ ಇರಬೇಕಾದ ದೃಶ್ಯಕ್ಕೆ ನಾಲ್ವರ ದಿನಗಳೂ ಕೂಡಬೇಕು, ಇದಕ್ಕೆ ಕಾಂಬಿನೇಷನ್ ಡೇಟ್ಸ್ ಅನ್ನುತ್ತಾರೆ. ಗಡ್ಡ ಮತ್ತು ಕೂದಲು ಇನ್ನೊಂದು ಕಂಟಕ: ನಿಮ್ಮ ಚಿತ್ರಕ್ಕೆ ಗಡ್ಡ ಬೇಕು, ಆ ನಡುವೆ ಅವರಿಗೊಂದು ಶೇವಿಂಗ್ ಕ್ರೀಮ್ ಜಾಹೀರಾತು ಸಿಕ್ಕಿತು ಅಂದುಕೊಳ್ಳಿ. ಇವನ್ನು ಸಂಭಾವನೆ ಮಾತಾಡುವಾಗಲೇ ಒಪ್ಪಂದಕ್ಕೆ ಸೇರಿಸಬೇಕು. ಸೆಟ್ಟಿನ ದಿನ ಸಿಟ್ಟು ಮಾಡಿ ಫಲವಿಲ್ಲ.

ಆಡಿಷನ್ ಕೋಣೆ

ದುಬಾರಿ ಸಲಕರಣೆ ಬೇಡ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಕೋಣೆ ಸಾಕು. ಗೋಡೆಗೆ ತಿಳಿ ಬೂದು ಬಣ್ಣ ಅಥವಾ ಅದೇ ಬಣ್ಣದ ಬಟ್ಟೆ. ಅದರಿಂದ ನಾಲ್ಕೈದು ಅಡಿ ಮುಂದೆ, ನೆಲಕ್ಕೆ ಅಂಟಿಸಿದ ಟೇಪಿನ ಗುರುತಿನ ಮೇಲೆ ನಟರು. ಇಲ್ಲವಾದರೆ ನೆರಳು ಗೋಡೆಗೆ ಅಂಟುತ್ತದೆ. ಎರಡು ಸಾಫ್ಟ್ ಲೈಟ್, ಎರಡೂ ಒಂದೇ ಬಣ್ಣದ ಬೆಳಕಿನವು, ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ಬಣ್ಣ ಹಿಡಿಯುವ ಅಳತೆ) ಅನ್ನು ಕೈಯಾರೆ ಹೊಂದಿಸಿ ಬದಲಾಗದಂತೆ ನಿಲ್ಲಿಸಬೇಕು. ಆಟೋ ಬಿಟ್ಟರೆ ಕೆಂಪು ಅಂಗಿ ಹಾಕಿದವರ ಮುಖ ಒಂದು ಬಣ್ಣ, ಬಿಳಿ ಅಂಗಿಯವರದು ಇನ್ನೊಂದು. ಕ್ಯಾಮೆರಾ ಕಣ್ಣಿನ ಎತ್ತರಕ್ಕೆ. ಕ್ಯೂ ಕೊಡುವವರು ಲೆನ್ಸಿಗೆ ಅಂಟಿಕೊಂಡಂತೆ ಕೂತರೆ ಎರಡು ಕಣ್ಣೂ ಕಾಣುತ್ತವೆ, ಮೂರು ಅಡಿ ಪಕ್ಕಕ್ಕೆ ಕೂತರೆ ನಿರ್ದೇಶಕರಿಗೆ ಕಿವಿ ಕಾಣುತ್ತದೆ. ಮಾತಿಗೆ ಕಾಲರ್ ಮೈಕ್. ಮಳೆಗಾಲದ ನಾಲ್ಕು ತಿಂಗಳು ಶೀಟಿನ ಮಾಡಿನ ಸ್ಟುಡಿಯೋ ಬಾಡಿಗೆಗೆ ಹಿಡಿಯಬೇಡಿ, ಜುಲೈಯ ಮಳೆಯಲ್ಲಿ ಒಂದು ಸಾಲೂ ಕೇಳುವುದಿಲ್ಲ.

ಮೊದಲು ಪರಿಚಯ: ಹೆಸರು, ವಯಸ್ಸು, ಎತ್ತರ, ಸದ್ಯ ಇರುವ ಊರು, ಬರುವ ಭಾಷೆಗಳು. ಫೋನ್ ನಂಬರನ್ನು ಕ್ಯಾಮೆರಾ ಮುಂದೆ ಹೇಳಿಸಬೇಡಿ, ಆ ವಿಡಿಯೋ ಏಜೆನ್ಸಿಯ ಹತ್ತಾರು ಜನರ ಕೈಗೆ ಹೋಗುತ್ತದೆ. ಆಮೇಲೆ ಪ್ರೊಫೈಲ್: ನೇರ, ಎಡ, ಬಲ, ಪೂರ್ತಿ ನಿಲುವು, ಹಲ್ಲು ಕಾಣುವ ನಗು. ಒಡವೆ ಅಥವಾ ತಿನಿಸಿನ ಜಾಹೀರಾತಾದರೆ ಎರಡೂ ಕೈಗಳ ಮುಂಭಾಗ, ಹಿಂಭಾಗ. ಫೈಲಿನ ಹೆಸರು ಪಾತ್ರ, ಕಲಾವಿದರ ಹೆಸರು, ವಯಸ್ಸು, ಟೇಕ್ ಎಂಬ ಒಂದೇ ಕ್ರಮದಲ್ಲಿರಲಿ. ರಾತ್ರಿ ಹನ್ನೊಂದಕ್ಕೆ ನಿರ್ದೇಶಕರು "ಆ ಹಳದಿ ಕುರ್ತಾದವರು ಯಾರು" ಎಂದು ಕೇಳುತ್ತಾರೆ, ಆಗ ಹತ್ತು ಸೆಕೆಂಡಿನಲ್ಲಿ ಸಿಗಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲ ತತ್ವವೇ ಒಪ್ಪಿಗೆ. ಆದ್ದರಿಂದ ವಿಡಿಯೋ ಯಾವುದಕ್ಕೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ಬರೆದ ಒಂದು ಪುಟಕ್ಕೆ ಬಾಗಿಲಲ್ಲೇ ಸಹಿ ಹಾಕಿಸಿಕೊಳ್ಳಿ.

ಕ್ಯೂ ಕೊಡುವವರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಫೋನ್ ನೋಡುತ್ತ ಬಸ್ಸಿನ ಕಂಡಕ್ಟರ್ ನಿಲ್ದಾಣದ ಹೆಸರು ಕೂಗಿದ ಹಾಗೆ ಎದುರಿನ ಸಾಲು ಓದಿದರೆ ಎಂಥ ನಟರೂ ಒಣಗಿಹೋಗುತ್ತಾರೆ. ಕ್ಯೂ ಕೊಡುವವರು ಅತಿಯಾಗಿ ನಟಿಸಬಾರದು, ಆದರೆ ಕೇಳಿಸಿಕೊಳ್ಳುತ್ತಿರಬೇಕು. ಈ ವೃತ್ತಿಯಲ್ಲಿ ಮುಂದೆ ಬಂದವರಲ್ಲಿ ಬಹಳ ಜನ ಶುರುವಿನಲ್ಲಿ ಒಳ್ಳೆಯ ಕ್ಯೂ ಕೊಡುತ್ತಿದ್ದವರು.

ಕನ್ನಡ ಬಲ್ಲವರಿಗೆ ಇರುವ ಅನುಕೂಲ

"ಸೌತ್ ಇಂಡಿಯನ್ ಆಂಟಿ ಬೇಕು" ಎಂಬ ಬ್ರೀಫ್ ವಾರಕ್ಕೊಮ್ಮೆ ಬರುತ್ತದೆ. ಮಲ್ಲಿಗೆ, ರೇಷ್ಮೆ ಸೀರೆ, ಮೂಗುತಿ ಎಂಬುದಷ್ಟೇ ಅದರ ಅರ್ಥವಾಗಿರುತ್ತದೆ. ಯಾವ ಊರು, ಯಾವ ಮನೆ ಎಂದು ಕೇಳುವವರು ಬೇಕು. ಹುಬ್ಬಳ್ಳಿಯ ಮಾತಿನ ಏರಿಳಿತ ಮಂಡ್ಯದ್ದಲ್ಲ. ಮಂಗಳೂರಿನ ಮನೆಯಲ್ಲಿ ಆಡುವ ಭಾಷೆ ತುಳುವೋ ಕೊಂಕಣಿಯೋ ಬ್ಯಾರಿಯೋ ಇರಬಹುದು. ಆ ವ್ಯತ್ಯಾಸ ತಿಳಿದ ಕಿವಿ ಮುಂಬಯಿಯ ಕಾಸ್ಟಿಂಗ್ ಕೋಣೆಗಳಲ್ಲಿ ಕಡಿಮೆ, ಆದ್ದರಿಂದ ಅದಕ್ಕೆ ಬೆಲೆಯಿದೆ.

ಹಿಂದಿಯಲ್ಲಿ ತೆಗೆದ ಜಾಹೀರಾತಿಗೆ ಕನ್ನಡ ಡಬ್ಬಿಂಗ್ ಕೂರದಿರುವುದು ತುಟಿಗಳಿಂದ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಕ್ಲೋಸಪ್‌ನಲ್ಲಿ ಮುಚ್ಚಿದ ತುಟಿಯ ಮೇಲೆ 'ಆ' ಕೇಳಿಸಿದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಇರುಸುಮುರುಸಾಗುತ್ತದೆ. ಎರಡೂ ಭಾಷೆ ಆಡುವ ನಟರು ಸಿಕ್ಕರೆ ಅದೇ ಸೆಟ್ಟಿನಲ್ಲಿ ಕನ್ನಡದ ಟೇಕ್ ಕೂಡ ತೆಗೆದುಬಿಡಬಹುದು. ಮುಂಬಯಿಯ ಕನ್ನಡಿಗರಲ್ಲಿ ಹಿಂದಿ, ಮರಾಠಿ, ಕನ್ನಡ, ಜತೆಗೆ ತುಳುವನ್ನೂ ಸರಾಗವಾಗಿ ಆಡುವವರು ಧಾರಾಳ. ಅವರನ್ನು ಹುಡುಕಬೇಕಾದ್ದು ಇನ್‌ಸ್ಟಾಗ್ರಾಮ್‌ನಲ್ಲಿ ಮಾತ್ರ ಅಲ್ಲ. ಮಾಟುಂಗದಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್‌ನ ನಾಟಕಗಳಲ್ಲಿ, ಕರ್ನಾಟಕ ಸಂಘದ ವೇದಿಕೆಯಲ್ಲಿ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನದ ಆಟಗಳಲ್ಲಿ, ತುಳು ನಾಟಕಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಬಣ್ಣ ಹಚ್ಚಿದವರು ಹಗಲಲ್ಲಿ ಬ್ಯಾಂಕಿನಲ್ಲೋ ಹೋಟೆಲಿನಲ್ಲೋ ಕೆಲಸ ಮಾಡುತ್ತಿರುತ್ತಾರೆ. ಅರುವತ್ತರ ಮಾವನ ಪಾತ್ರಕ್ಕೆ ಆರಾಮ್ ನಗರದ ಸಾಲಿನಲ್ಲಿ ಸಿಗದ ಮುಖ ಅಲ್ಲಿ ಸಿಗುತ್ತದೆ. ವೇದಿಕೆಯ ದೊಡ್ಡ ದನಿಯನ್ನು ಕ್ಯಾಮೆರಾಕ್ಕೆ ಇಳಿಸಲು ಹತ್ತು ನಿಮಿಷ ಕೊಟ್ಟರೆ ಸಾಕು. ಊರ ಕಡೆ ಹುಡುಕುವುದಾದರೆ ಹೆಗ್ಗೋಡಿನ ನೀನಾಸಂ ತರಬೇತಿ ಶಾಲೆ 1980ರಿಂದ, ಮೈಸೂರಿನ ರಂಗಾಯಣ 1989ರಿಂದ ನಟರನ್ನು ಬೆಳೆಸುತ್ತಿವೆ. ಪುಣೆಯ ಎಫ್‌ಟಿಐಐ, ಅಂದರೆ ಸಿನಿಮಾ ತರಬೇತಿ ಸಂಸ್ಥೆ, ಮುಂಬಯಿಗೆ ಹತ್ತಿರದಲ್ಲೇ ಇದೆ.

ಒಂದು ಎಚ್ಚರ: ಇಲ್ಲೇ ಹುಟ್ಟಿ ಬೆಳೆದ ಹುಡುಗರು ಕನ್ನಡ ಚೆನ್ನಾಗಿ ಆಡುತ್ತಾರೆ, ಲಿಪಿ ಓದಲು ಬಾರದಿರಬಹುದು. ಅವರಿಗೆ ಸಾಲುಗಳನ್ನು ದೇವನಾಗರಿಯಲ್ಲಿ ಬರೆದುಕೊಡುತ್ತಾರೆ. ಆದರೆ ಎ ಮತ್ತು ಏ, ಒ ಮತ್ತು ಓ ನಡುವಿನ ಭೇದ ಆ ಬರಹದಲ್ಲಿ ಕಾಣುವುದಿಲ್ಲ. ಕೊಡು ಬೇರೆ, ಕೋಡು ಬೇರೆ. ಸಾಲುಗಳನ್ನು ನೀವೇ ಓದಿ ಆಡಿಯೋ ಕಳಿಸಿ.

ಮಕ್ಕಳು, ಸುರಕ್ಷತೆ

ಬಾಲ ಕಲಾವಿದರ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚಿಲ್ಲ, ಸತತ 27 ದಿನಕ್ಕಿಂತ ಹೆಚ್ಚಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ದಂಡಾಧಿಕಾರಿಗಳ ಅನುಮತಿಯನ್ನು ನಿರ್ಮಾಪಕರು ಪಡೆಯಬೇಕು. ಐದು ಮಕ್ಕಳಿಗೆ ಕನಿಷ್ಠ ಒಬ್ಬ ಜವಾಬ್ದಾರ ವ್ಯಕ್ತಿ ಇರಬೇಕು, ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ನೇರವಾಗಿ ಹೋಗಬೇಕು. ಅನುಮತಿಗೆ ಸಮಯ ಹಿಡಿಯುವುದರಿಂದ ಮಗುವಿನ ಪಾತ್ರವನ್ನು ಎಲ್ಲಕ್ಕಿಂತ ಮೊದಲು ಲಾಕ್ ಮಾಡಬೇಕು. ಆರೇಳು ವರ್ಷದ ಮಕ್ಕಳದು ಇನ್ನೊಂದು ಪಾಡು: ಆಡಿಷನ್ ದಿನ ಇದ್ದ ಹಾಲುಹಲ್ಲು ಶೂಟಿಂಗ್ ದಿನ ಇರುವುದಿಲ್ಲ. ಯಾವ ಹಲ್ಲು ಅಲ್ಲಾಡುತ್ತಿದೆ ಎಂದು ತಾಯಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ದೊಡ್ಡವರ ಆಡಿಷನ್ ಹೋಟೆಲ್ ಕೋಣೆಯಲ್ಲಾಗಲಿ ಮನೆಯಲ್ಲಾಗಲಿ ನಡೆಯಬಾರದು. ಕೋಣೆಯಲ್ಲಿ ಕನಿಷ್ಠ ಇಬ್ಬರು, ಅವರಲ್ಲೊಬ್ಬರು ಹೆಂಗಸು. ಬಟ್ಟೆ ಕಳಚುವ, ಮುತ್ತಿಡುವ ದೃಶ್ಯವನ್ನು ಆಡಿಷನ್‌ನಲ್ಲಿ ಮಾಡಿಸಲೇಬಾರದು. ಚಿತ್ರದಲ್ಲಿ ಅಂಥದ್ದಿದ್ದರೆ ಲಾಕ್ ಆಗುವ ಮೊದಲೇ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಹತ್ತು ಅಥವಾ ಹೆಚ್ಚು ಜನರ ಸಂಸ್ಥೆಗೆ ಆಂತರಿಕ ಸಮಿತಿ ಕಡ್ಡಾಯ. ನಿಮ್ಮ ತಂಡ ಚಿಕ್ಕದಾದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಈ ಮಾಹಿತಿ ಕಾಯುವ ಜಾಗದ ಗೋಡೆಯ ಮೇಲಿರಲಿ. ನಿಮ್ಮ ಹೆಸರಿನಲ್ಲಿ ಇನ್ಯಾರೋ ಹಣ ಕೇಳಿ ಮೆಸೇಜ್ ಕಳಿಸುವುದೂ ನಡೆಯುತ್ತದೆ. ಪ್ರತಿ ಕಾಸ್ಟಿಂಗ್ ಕಾಲ್‌ನ ಕೆಳಗೆ "ಯಾವುದೇ ಹಂತದಲ್ಲಿ ಶುಲ್ಕವಿಲ್ಲ" ಎಂಬ ಸಾಲನ್ನು ಬಿಡದೆ ಹಾಕಿ.

ದುಡ್ಡಿನ ಲೆಕ್ಕ

ಸಿನಿಮಾಕ್ಕೆ ಒಟ್ಟು ಮೊತ್ತವನ್ನು ಕಂತುಗಳಾಗಿ ಕೇಳಬೇಕು: ಸಹಿ ಮಾಡುವಾಗ ಒಂದು, ಮುಖ್ಯ ಪಾತ್ರಗಳು ಲಾಕ್ ಆದಾಗ ಒಂದು, ಚಿತ್ರೀಕರಣ ಶುರುವಾಗುವಾಗ ಒಂದು, ಮುಗಿದಾಗ ಕೊನೆಯದು. ಕೊನೆಯ ಕಂತು ಚಿಕ್ಕದಾಗಿರಲಿ, ಅದು ಬಹಳ ತಡವಾಗಿ ಬರುತ್ತದೆ. ಎಷ್ಟು ಸುತ್ತಿನ ಆಡಿಷನ್ ಈ ಮೊತ್ತದೊಳಗೆ ಬರುತ್ತದೆ, ಸ್ಟುಡಿಯೋ ಬಾಡಿಗೆ ಯಾರದು, ಚಿತ್ರ ನಿಂತುಹೋದರೆ ಎಷ್ಟು ಕೊಡಬೇಕು, ಪರದೆಯ ಮೇಲೆ ಹೆಸರು ಎಲ್ಲಿ ಬರಬೇಕು, ಎಲ್ಲವೂ ಕಾಗದದಲ್ಲಿ.

ಜಾಹೀರಾತಿನ ಹಣ ಬರಲು ಎರಡು ಮೂರು ತಿಂಗಳು ಹಿಡಿಯುವುದು ಇಲ್ಲಿ ಮಾಮೂಲು. ಅದರ ಹಿಂದೆ ಹೊಸಬರು ಕಾಣದ ಒಂದು ಗುಂಡಿಯಿದೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಒಂದು ಲಕ್ಷದ ಬಿಲ್ ಮೇಲೆ ಶೇ 18ರಂತೆ 18,000 ತೆರಿಗೆ ಸೇರಿಸುತ್ತೀರಿ. ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿಯುವ ಆದಾಯ ತೆರಿಗೆ) ಶೇ 10 ಎಂದು 10,000 ಹಿಡಿದು ಅವರು ನಿಮಗೆ ಕೊಡುವುದು 1,08,000. ಆದರೆ ಜಿಎಸ್‌ಟಿ ಕಟ್ಟಬೇಕಾದ್ದು ಬಿಲ್ ಮಾಡಿದ ಅವಧಿಯ ಲೆಕ್ಕದಲ್ಲಿ, ಹಣ ಬಂದಾಗ ಅಲ್ಲ. ಅಂದರೆ ಮೂರು ತಿಂಗಳ ಮುಂಚೆಯೇ 18,000 ನಿಮ್ಮ ಜೇಬಿನಿಂದ ಹೋಗಿರುತ್ತದೆ. ಇಂಥ ಐದು ಬಿಲ್ ಬಾಕಿ ಇದ್ದರೆ 90,000. ಇದಕ್ಕೆ ಇರುವ ದಾರಿ ಮುಂಗಡ ಕೇಳುವುದು, ಮತ್ತು ಸಣ್ಣ ಉದ್ದಿಮೆಯಾಗಿ ಉದ್ಯಮ್ ನೋಂದಣಿ ಮಾಡಿಸುವುದು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅಂಥವರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮುಂದೆಯೂ ಕೆಲಸ ಬೇಕಾದ ಕಡೆ ದೂರು ಕೊಡಲು ಯಾರೂ ಮುಂದಾಗುವುದಿಲ್ಲ ನಿಜ, ಆದರೂ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ.

ಕಲಾವಿದರ ಸಂಭಾವನೆಯನ್ನು ನಿಮ್ಮ ಖಾತೆಗೆ ಹಾಕುತ್ತೇವೆ, ನೀವೇ ಹಂಚಿಬಿಡಿ ಎಂದು ಪ್ರೊಡಕ್ಷನ್‌ನವರು ಕೇಳುವುದುಂಟು. ಒಪ್ಪಬೇಡಿ. ಆ ಮೊತ್ತವೆಲ್ಲ ನಿಮ್ಮ ವಹಿವಾಟಾಗಿ ಕಂಡು 20 ಲಕ್ಷ ಬೇಗ ದಾಟುತ್ತದೆ, ಟಿಡಿಎಸ್ ಗೋಜಲಾಗುತ್ತದೆ, ತಡವಾದರೆ ಕಲಾವಿದರ ಕಣ್ಣಲ್ಲಿ ಹಣ ಇಟ್ಟುಕೊಂಡವರು ನೀವಾಗುತ್ತೀರಿ.

ಶುರು ಮಾಡುವುದು

ಈ ಕೆಲಸಕ್ಕೆ ಪದವಿ ಯಾರೂ ಕೇಳುವುದಿಲ್ಲ. ಒಬ್ಬ ಕಾಸ್ಟಿಂಗ್ ಡೈರೆಕ್ಟರ್ ಬಳಿ ಎರಡು ಮೂರು ವರ್ಷ ಸಹಾಯಕರಾಗಿ ಇರಬೇಕು: ಮೊದಲು ಫೋನ್ ಮಾಡುವುದು, ಫೈಲಿಗೆ ಹೆಸರಿಡುವುದು, ಕ್ಯೂ ಕೊಡುವುದು, ಆಮೇಲೆ ಸಣ್ಣ ಪಾತ್ರಗಳ ಪಟ್ಟಿ ನಿಮ್ಮ ಕೈಗೆ. ಸ್ವತಂತ್ರರಾಗುವಾಗ ಜಾಹೀರಾತಿನಿಂದ ಶುರು ಮಾಡುವುದು ಕ್ಷೇಮ, ಸ್ಟುಡಿಯೋವನ್ನು ತಿಂಗಳ ಬಾಡಿಗೆಗೆ ಹಿಡಿಯದೆ ದಿನದ ಲೆಕ್ಕದಲ್ಲಿ ತೆಗೆದುಕೊಳ್ಳಿ. ಆರು ತಿಂಗಳ ಮನೆಖರ್ಚು ಬೇರೆ ಇರಲಿ. ಹಿಂದಿನ ಕಚೇರಿಯ ಕಲಾವಿದರ ಪಟ್ಟಿಯನ್ನು ನಕಲು ಮಾಡಿಕೊಂಡು ಬರಬೇಡಿ, ಅದು ಅವರದು. ನಿಮ್ಮದನ್ನು ನೀವೇ ಕಟ್ಟಿಕೊಳ್ಳಿ, ನೋಡಿದ ಪ್ರತಿ ನಾಟಕದಿಂದ, ಪ್ರತಿ ಆಡಿಷನ್‌ನಿಂದ. ಎತ್ತರ, ಭಾಷೆಗಳ ಜತೆಗೆ ಇನ್ನೊಂದು ಅಂಕಣ ಇರಲಿ: ಇವರು ನನಗೆ ಅನಿರೀಕ್ಷಿತವಾಗಿ ತೋರಿಸಿದ್ದು ಏನು. ಎರಡು ವರ್ಷದ ಮೇಲೆ ಆ ಅಂಕಣವೇ ಕೆಲಸಕ್ಕೆ ಬರುತ್ತದೆ.

ಪಿಪಿಎಂ ಮುಗಿದ ಸಂಜೆ ಲಾಕ್ ಆದವರಿಗೆ ಫೋನ್ ಮಾಡುವುದನ್ನು ಯಾರೂ ಮರೆಯುವುದಿಲ್ಲ. ಬ್ಯಾಕಪ್ ಆಗಿ ತಾರೀಖು ಹೋಲ್ಡ್ ಮಾಡಿಸಿಕೊಂಡ ಇಬ್ಬರನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ಆ ತಾರೀಖಿಗಾಗಿ ಅವರು ಬೇರೆ ಕೆಲಸಕ್ಕೆ ಒಲ್ಲೆ ಅಂದಿರುತ್ತಾರೆ, ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಕೂತಿರುತ್ತಾರೆ. ಶೂಟಿಂಗ್ ದಿನ ಮೊದಲ ಆಯ್ಕೆಯವರು ಸೆಟ್ಟಿಗೆ ಬಂದದ್ದು ಖಾತ್ರಿಯಾದ ಕೂಡಲೇ ಆ ಇಬ್ಬರಿಗೂ ಒಂದು ಸಾಲು ಕಳಿಸಿ: "ನಿಮ್ಮ ತಾರೀಖು ಬಿಟ್ಟಿದ್ದೇವೆ, ಈ ಸಲ ಆಗಲಿಲ್ಲ."